ಒಪ್ಪಿಗೆಗೆ ಯಂತ್ರ ಸಾಕು, ನಿರಾಕರಣೆಗೆ ವೈದ್ಯರೇ ಬೇಕು

ಚರಕ ಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ ಮತ್ತು ರೋಗಿ. ಇಂದಿನ ಆಸ್ಪತ್ರೆಗಳಲ್ಲಿ ವಿಮಾ ಕಂಪನಿಯ ಅನುಮತಿಯು ಐದನೆಯ ಪಾದವಾಗಿ ಸೇರಿಕೊಂಡಿದೆ. ಉಳಿದ ನಾಲ್ಕೂ ಸಿದ್ಧವಿದ್ದರೂ ಇದೊಂದು ಬಾರದೆ ಎಷ್ಟೋ ಚಿಕಿತ್ಸೆಗಳು ನಿಂತಲ್ಲೇ ನಿಲ್ಲುತ್ತವೆ.

ಗದಗ, ಹಾವೇರಿ, ಉತ್ತರ ಕನ್ನಡದ ಹಳ್ಳಿಗಳಿಂದ ಹುಬ್ಬಳ್ಳಿ-ಧಾರವಾಡದ ಆಸ್ಪತ್ರೆಗಳಿಗೆ ಬರುವವರಿಗೆ ಈ ವಿಳಂಬವು ಹೆಚ್ಚು ಭಾರವಾಗುತ್ತದೆ. ಬೆಳಿಗ್ಗೆಯೇ ಬಿಡುಗಡೆ ಹೇಳಿದ ರೋಗಿಗೆ ಅಂತಿಮ ಬಿಲ್ಲಿನ ಒಪ್ಪಿಗೆ ರಾತ್ರಿ ಬಂದರೆ ಊರಿನ ಕೊನೆಯ ಬಸ್ಸು ತಪ್ಪುತ್ತದೆ, ಕೋಣೆಯ ಬಾಡಿಗೆ ಏರುತ್ತದೆ. ಅದೇ ಹಾಸಿಗೆಗಾಗಿ ಮತ್ತೊಬ್ಬ ರೋಗಿ ಹೊರಗೆ ಕಾಯುತ್ತಿರುತ್ತಾನೆ.

ನಿಯಮವು ಈಗ ರೋಗಿಯ ಪರವಾಗಿದೆ. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರವು 2024ರ ಮೇ 29ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ, ನಗದುರಹಿತ ಚಿಕಿತ್ಸೆಯ ಕೋರಿಕೆಯನ್ನು 1 ಗಂಟೆಯೊಳಗೆ ತೀರ್ಮಾನಿಸಬೇಕು. ಬಿಡುಗಡೆಯ ಒಪ್ಪಿಗೆಯನ್ನು 3 ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮೀರಿ ತಡವಾಗಿ ಆಸ್ಪತ್ರೆಯು ಹೆಚ್ಚುವರಿ ಹಣ ಕೇಳಿದರೆ, ಅದನ್ನು ವಿಮಾ ಕಂಪನಿಯೇ ಭರಿಸಬೇಕು.

ಪ್ರತಿಯೊಂದು ಕಡತವನ್ನೂ ಕೈಯಿಂದಲೇ ತಿರುವುತ್ತ ಕುಳಿತರೆ ಈ ಅವಧಿಯನ್ನು ಪಾಲಿಸುವುದು ಕಷ್ಟ. ಪಾಲಿಸಿ ಚಾಲ್ತಿಯಲ್ಲಿದೆಯೇ, ವಿಮಾ ಮೊತ್ತ ಎಷ್ಟು ಉಳಿದಿದೆ, ಚಿಕಿತ್ಸೆಗೆ ಒಪ್ಪಿತ ದರ ಎಷ್ಟು ಎಂಬುದನ್ನು ಗಣಕಯಂತ್ರವು ಕ್ಷಣದಲ್ಲಿ ಹೇಳಬಲ್ಲದು. ಕಂಪನಿಗೊಂದು ನಮೂನೆ ತುಂಬುವ ಬದಲು ಒಂದೇ ಮಾದರಿಯಲ್ಲಿ ಕಾಗದಪತ್ರಗಳು ಸಾಗಲೆಂದು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವು ‘ನ್ಯಾಷನಲ್ ಹೆಲ್ತ್ ಕ್ಲೇಮ್ಸ್ ಎಕ್ಸ್‌ಚೇಂಜ್’ ಎಂಬ ವ್ಯವಸ್ಥೆಯನ್ನು ರೂಪಿಸಿದೆ. ನಮ್ಮ ಅವಳಿ ನಗರದ ಸಣ್ಣ ನರ್ಸಿಂಗ್ ಹೋಮ್‌ಗಳೂ ಇದರೊಳಗೆ ಬರಬೇಕು.

ಆದರೆ ಯಂತ್ರದ ಅಧಿಕಾರಕ್ಕೆ ಒಂದು ಮೇರೆ ಇರಲೇಬೇಕು. ಒಪ್ಪಿಗೆಯನ್ನು ಅದು ಎಷ್ಟು ಬೇಗ ಕೊಟ್ಟರೂ ಒಳ್ಳೆಯದೇ. ನಿರಾಕರಿಸುವ ಹಕ್ಕು ಮಾತ್ರ ಅದಕ್ಕೆ ಸಲ್ಲದು. ಪ್ರಾಧಿಕಾರದ ಸುತ್ತೋಲೆಯೇ ಕಂಪನಿಯ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೇಮನ್ನೂ ತಿರಸ್ಕರಿಸಬಾರದೆಂದು ಹೇಳಿದೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಚಿಕಿತ್ಸೆಯ ಅಗತ್ಯವಿಲ್ಲವೆಂಬ ತೀರ್ಮಾನವನ್ನು ಅರ್ಹ ವೈದ್ಯವೃತ್ತಿಯವರೇ ಕೈಗೊಳ್ಳಬೇಕೆಂಬ ಕಾನೂನನ್ನು 2025ರ ಜನವರಿ 1ರಿಂದ ಜಾರಿಗೆ ತಂದಿದೆ. ನಮ್ಮಲ್ಲಿಯೂ ಅದು ಬರಬೇಕು.

ಆಯುರ್ವೇದಕ್ಕೆ ಇದು ಇನ್ನೂ ಮುಖ್ಯ. ಆಯುಷ್ ಚಿಕಿತ್ಸೆಯನ್ನು ಇತರ ಚಿಕಿತ್ಸೆಗಳಿಗೆ ಸಮನಾಗಿ ಕಾಣಬೇಕೆಂಬ ಪ್ರಾಧಿಕಾರದ ಸೂಚನೆಯು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆಮವಾತದ ರೋಗಿಗೆ ಬಸ್ತಿಕರ್ಮವನ್ನು ಇಷ್ಟು ದಿನ ಏಕೆ ಮುಂದುವರಿಸಬೇಕೆಂಬುದು ಅಲೋಪಥಿಯ ಲೆಕ್ಕವನ್ನಷ್ಟೇ ಕಲಿತ ಯಂತ್ರಕ್ಕೆ ತಿಳಿಯದು. ಬಲ್ಲ ವೈದ್ಯರು ನೋಡಿದರೆ ತಿಳಿಯುತ್ತದೆ. ವೈದ್ಯರಾದ ನಾವೂ ರೋಗನಿರ್ಣಯವನ್ನು, ಚಿಕಿತ್ಸೆಯ ಕಾರಣವನ್ನು ಕಡತದಲ್ಲಿ ಸ್ಪಷ್ಟವಾಗಿ ಬರೆಯುವುದು ಅಗತ್ಯ.

ಓದುಗರು ಮೂರು ವಿಷಯಗಳನ್ನು ನೆನಪಿನಲ್ಲಿಡಲಿ. ಮೊದಲೇ ನಿರ್ಧರಿಸಿದ ಶಸ್ತ್ರಚಿಕಿತ್ಸೆಯಾದರೆ ಪಾಲಿಸಿ ಮತ್ತು ಹಳೆಯ ವರದಿಗಳನ್ನು ಮುಂಚಿತವಾಗಿಯೇ ಆಸ್ಪತ್ರೆಗೆ ಒಪ್ಪಿಸಿ. ಕೋರಿಕೆ ಕಳುಹಿಸಿದ ಸಮಯವನ್ನು ಬರೆದಿಟ್ಟುಕೊಳ್ಳಿ. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಪಡೆದು ಮೊದಲು ಕಂಪನಿಯ ದೂರು ಅಧಿಕಾರಿಗೆ, ಅಲ್ಲಿ ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ಬರೆಯಿರಿ. ಲೋಕಪಾಲರಿಗೆ ದೂರು ಕೊಡಲು ಶುಲ್ಕವಿಲ್ಲ.