ಗಂಟಲು ನೋವು ಹೃದಯಕ್ಕೆ ಇಳಿಯದಿರಲಿ

ಜೂನ್ ತಿಂಗಳಲ್ಲಿ ಶಾಲೆ ಶುರುವಾಗಿ ಮಳೆಯೂ ಹಿಡಿದುಕೊಂಡಿತೆಂದರೆ ಮನೆಮನೆಯಲ್ಲೂ ಒಂದು ದೂರು ಕೇಳಿಬರುತ್ತದೆ: “ಅಮ್ಮಾ, ಗಂಟಲು ನೋವು.” ಅಜ್ಜಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಲು ಹೇಳುತ್ತಾರೆ. ಅಮ್ಮ ಶುಂಠಿ-ಮೆಣಸಿನ ಕಷಾಯ ಕುದಿಸುತ್ತಾರೆ. ಜ್ವರವೂ ಬಂದರೆ ಅಪ್ಪ ವೈದ್ಯರಿಂದ ಮಾತ್ರೆ ಬರೆಸಿ ತರುತ್ತಾರೆ. ಎರಡು ದಿನ ನುಂಗುವಷ್ಟರಲ್ಲಿ ಜ್ವರ ಇಳಿಯುತ್ತದೆ, ಮಗು ಆಟಕ್ಕೆ ಓಡುತ್ತದೆ, ಉಳಿದ ಮಾತ್ರೆಗಳು ಕಪಾಟು ಸೇರುತ್ತವೆ. ಹೆಚ್ಚಿನ ಸಲ ಇದರಿಂದ ಏನೂ ಕೆಡುವುದಿಲ್ಲ. ಆದರೆ ಕೆಲವೊಮ್ಮೆ ಕೆಡುತ್ತದೆ, ಮತ್ತು ಕೆಟ್ಟದ್ದು ಮತ್ತೆ ಸರಿಹೋಗುವುದಿಲ್ಲ. ಆ ‘ಕೆಲವೊಮ್ಮೆ’ಯ ಬಗ್ಗೆ ಇಂದು ಸ್ವಲ್ಪ ತಿಳಿದುಕೊಳ್ಳೋಣ.

ಮಕ್ಕಳ ಗಂಟಲು ನೋವಿಗೆ ಬಹುಪಾಲು ಕಾರಣ ವೈರಸ್‌ಗಳು. ಇವು ತಾವಾಗಿಯೇ ಬಂದು ತಾವಾಗಿಯೇ ಹೋಗುತ್ತವೆ. ಇನ್ನೊಂದು ಪಾಲಿಗೆ ಕಾರಣ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮಣಿ ಪೋಣಿಸಿದ ಸರದಂತೆ ಕಾಣುವ ಈ ರೋಗಾಣುವಿನ ‘ಎ’ ಗುಂಪಿಗೆ ಸೇರಿದ ಜಾತಿ 5ರಿಂದ 15 ವರ್ಷದ ಮಕ್ಕಳನ್ನು ಹೆಚ್ಚಾಗಿ ಕಾಡುತ್ತದೆ. ಕೆಮ್ಮು, ಉಗುಳುಗಳ ಮೂಲಕ ಹತ್ತಿರದಲ್ಲಿರುವವರಿಗೆ ದಾಟುತ್ತದೆ. ಆದ್ದರಿಂದಲೇ ಕಿಕ್ಕಿರಿದ ತರಗತಿ, ಹಾಸ್ಟೆಲಿನ ಕೋಣೆ, ಐದಾರು ಜನ ಒಟ್ಟಿಗೆ ಮಲಗುವ ಒಂದೇ ಕೊಠಡಿಯ ಮನೆ ಇದಕ್ಕೆ ಬಲು ಅನುಕೂಲ.

ಗಂಟಲಿನಲ್ಲಿ ನೋವು ಇರುವುದು ಸಾಮಾನ್ಯವಾಗಿ ಒಂದು ವಾರದಷ್ಟೇ. ಅಪಾಯ ಇರುವುದು ಅದು ಹೋದ ಮೇಲೆ. ಎರಡು ಮೂರು ವಾರ ಕಳೆದು, ಎಲ್ಲರೂ ಗಂಟಲು ನೋವನ್ನು ಮರೆತಿರುವಾಗ, ಕೆಲವು ಮಕ್ಕಳಿಗೆ ಮತ್ತೆ ಜ್ವರ ಬರುತ್ತದೆ. ಈ ಸಲ ಮೊಣಕಾಲು ಊದಿಕೊಂಡು ಕೆಂಪಾಗುತ್ತದೆ. ಎರಡು ದಿನದಲ್ಲಿ ಅದು ಕಡಿಮೆಯಾಗಿ ಕಣಕಾಲು, ಆಮೇಲೆ ಮುಂಗೈ. ನೋವು ಕೀಲಿನಿಂದ ಕೀಲಿಗೆ ಸಂಚಾರ ಹೊರಟಂತೆ! ಇದೇ ರುಮ್ಯಾಟಿಕ್ ಜ್ವರ. ಕೀಲುವಾತದ ಜ್ವರವೆಂದೂ ಹೇಳುವುದುಂಟು. ಕೀಲುಗಳು ಪೂರ್ತಿ ವಾಸಿಯಾಗುತ್ತವೆ. ಆದರೆ ಅದೇ ಸಮಯದಲ್ಲಿ ಒಳಗೆ ಹೃದಯದ ಕವಾಟಗಳಿಗೆ ಬಿದ್ದ ಪೆಟ್ಟು ಹಾಗೆಯೇ ಉಳಿಯಬಹುದು. ಈ ರೋಗ ಕೀಲುಗಳನ್ನು ಬರಿದೇ ನೆಕ್ಕುತ್ತದೆ, ಕಚ್ಚುವುದು ಮಾತ್ರ ಹೃದಯವನ್ನು ಎಂದು ವೈದ್ಯರು ನೂರು ವರ್ಷಕ್ಕೂ ಹಿಂದಿನಿಂದ ಹೇಳುತ್ತ ಬಂದಿದ್ದಾರೆ.

ಕೆಲವು ಮಕ್ಕಳಲ್ಲಿ ರೋಗ ಇನ್ನೊಂದು ವೇಷದಲ್ಲಿ ಬರುತ್ತದೆ. ಗಂಟಲು ನೋವು ಬಂದುಹೋಗಿ ಕೆಲವು ತಿಂಗಳಾದ ಮೇಲೆ ಕೈಕಾಲುಗಳು ತಮ್ಮಷ್ಟಕ್ಕೆ ಅದುರತೊಡಗುತ್ತವೆ. ಲೋಟ ಕೈಜಾರುತ್ತದೆ, ಚೆಂದದ ಅಕ್ಷರ ಕೆಡುತ್ತದೆ, ಮುಖ ಸೊಟ್ಟಗಾಗುತ್ತದೆ. ಹುಡುಗಿಯರಲ್ಲಿ ಇದು ಹೆಚ್ಚು. ವೈದ್ಯರು ಇದನ್ನು ಕೊರಿಯಾ ಎನ್ನುತ್ತಾರೆ. ಆದರೆ ತರಗತಿಯಲ್ಲಿ ಇದಕ್ಕೆ ಸಿಗುವ ಹೆಸರು ‘ತುಂಟತನ’ ಅಥವಾ ‘ಅಜಾಗರೂಕತೆ’, ಸಿಗುವ ಚಿಕಿತ್ಸೆ ಬೈಗುಳ. ಚೆನ್ನಾಗಿ ಬರೆಯುತ್ತಿದ್ದ ಮಗುವಿನ ಬರವಣಿಗೆ ಇದ್ದಕ್ಕಿದ್ದಂತೆ ಕೆಟ್ಟರೆ ಬೈಯುವ ಮೊದಲು ಒಮ್ಮೆ ವೈದ್ಯರಿಗೆ ತೋರಿಸುವುದು ಒಳ್ಳೆಯದು.

ಗಂಟಲಿನ ರೋಗಾಣು ಹೃದಯಕ್ಕೆ ಹೇಗೆ ತೊಂದರೆ ಕೊಡುತ್ತದೆ? ವಿಚಿತ್ರವೆಂದರೆ ಅದು ಹೃದಯಕ್ಕೆ ಹೋಗುವುದೇ ಇಲ್ಲ. ಅಮೆರಿಕದ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ರೆಬೆಕಾ ಲ್ಯಾನ್ಸ್‌ಫೀಲ್ಡ್ ಎಂಬ ವಿಜ್ಞಾನಿ 1918ರಿಂದ ತಮ್ಮ ಜೀವಮಾನವನ್ನೆಲ್ಲ ಈ ರೋಗಾಣುವಿನ ಅಧ್ಯಯನಕ್ಕೇ ಕೊಟ್ಟರು. ಸ್ಟ್ರೆಪ್ಟೊಕಾಕಸ್‌ಗಳನ್ನು ಎ, ಬಿ, ಸಿ ಎಂದು ಗುಂಪು ಮಾಡಿದವರು ಅವರೇ. ‘ಎ’ ಗುಂಪಿನ ರೋಗಾಣುವಿನ ಮೈಮೇಲೆ ‘ಎಂ’ ಎಂಬ ಪ್ರೋಟೀನ್ ಇದೆಯೆಂದು ತೋರಿಸಿಕೊಟ್ಟವರೂ ಅವರೇ. ಈ ಎಂ ಪ್ರೋಟೀನಿಗೂ ನಮ್ಮ ಹೃದಯದ ಸ್ನಾಯುವಿನಲ್ಲಿರುವ ಮಯೋಸಿನ್ ಎಂಬ ಪ್ರೋಟೀನಿಗೂ ಹೋಲಿಕೆಯಿದೆಯೆಂದು ಮುಂದಿನ ಸಂಶೋಧಕರು ಕಂಡುಕೊಂಡರು. ಕಳ್ಳನನ್ನು ಹಿಡಿಯಲು ಬಂದ ಪೊಲೀಸರು ಅದೇ ಬಣ್ಣದ ಅಂಗಿ ತೊಟ್ಟ ಮನೆಯವನಿಗೇ ಲಾಠಿ ಬೀಸಿದಂತೆ, ರೋಗಾಣುವಿನ ಮೇಲೆ ಹೊರಟ ದೇಹದ ರಕ್ಷಣಾ ಪಡೆ ಹೃದಯದ ಮೇಲೂ ಎರಗುತ್ತದೆ. ಎಲ್ಲ ಮಕ್ಕಳಲ್ಲೂ ಹೀಗಾಗುವುದಿಲ್ಲ. ಚಿಕಿತ್ಸೆಯಿಲ್ಲದೆ ಬಿಟ್ಟ ಸೋಂಕುಗಳಲ್ಲೂ ನೂರಕ್ಕೆ ಮೂರಕ್ಕಿಂತ ಹೆಚ್ಚಿನವು ಈ ಹಂತಕ್ಕೆ ಹೋಗುವುದು ಅಪರೂಪ. ಆದರೆ ಆ ಮೂವರು ಯಾರೆಂದು ಮೊದಲೇ ಹೇಳುವ ಉಪಾಯವಿಲ್ಲ.

ಗಂಟಲಿನ ಸೋಂಕಿಗೂ ಈ ಜ್ವರಕ್ಕೂ ಸಂಬಂಧವಿದೆಯೆಂದು 1931ರಲ್ಲಿ ನ್ಯೂಯಾರ್ಕಿನಲ್ಲಿ ಕೋಬರ್ನ್, ಲಂಡನ್ನಿನಲ್ಲಿ ಕಾಲಿಸ್ ಎಂಬ ವೈದ್ಯರು ಬೇರೆಬೇರೆಯಾಗಿ ತೋರಿಸಿದ್ದರು. ಸಂಬಂಧ ತಿಳಿಯಿತು, ಸರಿ, ತಡೆಯುವುದು ಹೇಗೆ? ಅದಕ್ಕೆ ಉತ್ತರ ಸಿಕ್ಕಿದ್ದು ಆಸ್ಪತ್ರೆಯಲ್ಲಲ್ಲ, ಅಮೆರಿಕದ ವಯೋಮಿಂಗ್ ಪ್ರಾಂತದ ವಾರೆನ್ ಎಂಬ ವಾಯುಪಡೆಯ ನೆಲೆಯಲ್ಲಿ. ಅಲ್ಲಿ ತರುಣ ಸೈನಿಕರು ಒತ್ತೊತ್ತಾಗಿ ವಾಸಿಸುತ್ತಿದ್ದರು. ಗಂಟಲು ಬೇನೆ ಅವರನ್ನು ಬಿಡುತ್ತಿರಲಿಲ್ಲ. 1949ರಲ್ಲಿ ಚಾರ್ಲ್ಸ್ ರ‍್ಯಾಮೆಲ್‌ಕ್ಯಾಂಪ್ ಮತ್ತು ಅವರ ಜೊತೆಗಾರರು ಅಲ್ಲಿ ಪ್ರಯೋಗ ಆರಂಭಿಸಿದರು. ಸೋಂಕು ತಗುಲಿದ 798 ಜನರಿಗೆ ಪೆನಿಸಿಲಿನ್ ಕೊಟ್ಟರು, 804 ಜನರಿಗೆ ಕೊಡಲಿಲ್ಲ. 1950ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿತ್ತು: ಔಷಧಿ ಪಡೆಯದವರಲ್ಲಿ 17 ಜನರಿಗೆ ರುಮ್ಯಾಟಿಕ್ ಜ್ವರ ಬಂತು, ಪಡೆದವರಲ್ಲಿ ಇಬ್ಬರಿಗೆ ಮಾತ್ರ. ಔಷಧಿ ಕೊಡದೆ ಕಾದು ನೋಡಿದ್ದು ಇಂದು ನಮಗೆ ಕಠಿಣವೆನಿಸಬಹುದು. ಆದರೆ ಪೆನಿಸಿಲಿನ್ನಿನಿಂದ ಈ ಜ್ವರವನ್ನು ತಡೆಯಬಹುದೆಂಬುದು ಆಗ ಯಾರಿಗೂ ಖಚಿತವಿರಲಿಲ್ಲ.

ಅದೇ ನೆಲೆಯಲ್ಲಿ ತಿಳಿದುಬಂದ ಇನ್ನೊಂದು ಸಂಗತಿ ತಂದೆತಾಯಿಯರಿಗೆ ಬಹಳ ಮುಖ್ಯ. ಗಂಟಲು ನೋವು ಶುರುವಾಗಿ 9 ದಿನ ಕಳೆದ ಮೇಲೆ ಪೆನಿಸಿಲಿನ್ ಆರಂಭಿಸಿದರೂ ಜ್ವರವನ್ನು ತಡೆಯಲು ಸಾಧ್ಯವಾಯಿತು. ಅಂದರೆ ಒಂದೆರಡು ದಿನ ತಡವಾಯಿತೆಂದು ಗಾಬರಿಪಡಬೇಕಾಗಿಲ್ಲ. ಪರೀಕ್ಷೆ ಮಾಡಿಸಿ ಔಷಧಿ ಶುರು ಮಾಡಲು ಸಮಯವಿದೆ. ಹಾಗೆಯೇ ಗಂಟಲಿನಲ್ಲಿ ರೋಗಾಣು ಪೂರ್ತಿ ನಾಶವಾಗಬೇಕು, ನೋವು ಕಡಿಮೆಯಾದರೆ ಸಾಲದು ಎಂಬುದೂ ಸ್ಪಷ್ಟವಾಯಿತು. ವೈದ್ಯರು ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಮಾತ್ರೆಯನ್ನು 10 ದಿನ ಬರೆದುಕೊಡುವುದು ಇದಕ್ಕಾಗಿ. ಎರಡನೆಯ ದಿನ ಜ್ವರ ಇಳಿಯುವುದು ಅರ್ಧ ಜಯ ಮಾತ್ರ. ಕಪಾಟು ಸೇರಿದ ಆ ಎಂಟು ದಿನದ ಮಾತ್ರೆಗಳೇ ಹೃದಯವನ್ನು ಕಾಯಬೇಕಾಗಿದ್ದವು! ಹತ್ತು ದಿನ ಮಾತ್ರೆ ನುಂಗಿಸುವುದು ಕಷ್ಟವೆನ್ನುವವರಿಗೆ ಬೆಂಜಥೀನ್ ಪೆನಿಸಿಲಿನ್ನಿನ ಒಂದೇ ಚುಚ್ಚುಮದ್ದು ಸಾಕಾಗುತ್ತದೆ. ಎಷ್ಟೋ ರೋಗಾಣುಗಳು ಔಷಧಿಗಳಿಗೆ ಸೊಪ್ಪು ಹಾಕದಂತಾಗಿರುವ ಈ ಕಾಲದಲ್ಲೂ ‘ಎ’ ಗುಂಪಿನ ಸ್ಟ್ರೆಪ್ಟೊಕಾಕಸ್ ಪೆನಿಸಿಲಿನ್ನಿಗೆ ಇನ್ನೂ ಮಣಿಯುತ್ತಲೇ ಇದೆ. ಇದೊಂದು ಅದೃಷ್ಟ.

ಹಾಗೆಂದು ಪ್ರತಿ ಶೀತಕ್ಕೂ ಮಾತ್ರೆ ನುಂಗಿಸಬಾರದು. ಮೂಗು ಸೋರುವಿಕೆ, ಕೆಮ್ಮು, ಗೊಗ್ಗರು ದನಿ ಇದ್ದರೆ ಅದು ಸಾಮಾನ್ಯವಾಗಿ ವೈರಸ್‌ನ ಕೆಲಸ. ಅಲ್ಲಿ ಪೆನಿಸಿಲಿನ್ನಿಗೆ ಕೆಲಸವಿಲ್ಲ, ಅಜ್ಜಿಯ ಉಪ್ಪುನೀರೇ ಸಾಕು. ಕೆಮ್ಮು ಶೀತವಿಲ್ಲದೆ ಇದ್ದಕ್ಕಿದ್ದಂತೆ ಜ್ವರ, ನುಂಗಲಾಗದಷ್ಟು ನೋವು, ಕುತ್ತಿಗೆಯ ಮುಂಭಾಗದಲ್ಲಿ ಮುಟ್ಟಿದರೆ ನೋಯುವ ಗಂಟುಗಳು, ಕೆಂಪಾದ ಟಾನ್ಸಿಲ್ ಮೇಲೆ ಬಿಳಿ ಪದರ — ಇವು ಕಂಡರೆ ಸ್ಟ್ರೆಪ್ಟೊಕಾಕಸ್ ಬಗ್ಗೆ ಸಂಶಯಪಡಬೇಕು. ಗಂಟಲಿನ ದ್ರವ ತೆಗೆದು ಪರೀಕ್ಷಿಸಿದರೆ ಸಂಶಯ ಪರಿಹಾರವಾಗುತ್ತದೆ. ಇನ್ನೊಂದು ಮಾತು. ‘ಎಎಸ್ಒ’ ಎಂಬ ರಕ್ತಪರೀಕ್ಷೆಯಲ್ಲಿ ಅಂಕಿ ಹೆಚ್ಚಾಗಿ ಬಂದಿತೆಂದು ಹೆದರುವ ಪೋಷಕರಿದ್ದಾರೆ. ಈಚೆಗೆ ಸ್ಟ್ರೆಪ್ಟೊಕಾಕಸ್ ಸೋಂಕು ಬಂದುಹೋಗಿದೆ ಎಂದಷ್ಟೇ ಅದರ ಅರ್ಥ. ಅದೊಂದರಿಂದಲೇ ರುಮ್ಯಾಟಿಕ್ ಜ್ವರವೆಂದು ತೀರ್ಮಾನಿಸುವಂತಿಲ್ಲ.

ಒಮ್ಮೆ ಈ ಜ್ವರ ಬಂದ ಮಗುವಿಗೆ ಮತ್ತೆ ಗಂಟಲಿನ ಸೋಂಕಾದರೆ ಜ್ವರ ಮರುಕಳಿಸುವ ಸಂಭವ ಹೆಚ್ಚು. ಪ್ರತಿ ಸಲವೂ ಕವಾಟಕ್ಕೆ ಹೊಸ ಪೆಟ್ಟು. ಅದನ್ನು ತಡೆಯಲು 3 ಅಥವಾ 4 ವಾರಕ್ಕೊಮ್ಮೆ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದು ಕೊಡುತ್ತಾರೆ. ಹೃದಯಕ್ಕೆ ಪೆಟ್ಟಾಗದಿದ್ದರೂ ಕನಿಷ್ಠ 5 ವರ್ಷ, ಪೆಟ್ಟಾಗಿದ್ದರೆ 10 ವರ್ಷ ಅಥವಾ ಇನ್ನೂ ಹೆಚ್ಚು. 21 ದಿನಕ್ಕೊಂದರಂತೆ ಲೆಕ್ಕ ಹಾಕಿದರೆ 10 ವರ್ಷಕ್ಕೆ 170ಕ್ಕೂ ಹೆಚ್ಚು ಸೂಜಿ! ಆ ಸೂಜಿ ನೋಯುತ್ತದೆ, ಸುಳ್ಳು ಹೇಳಬಾರದು. ಮಗು ಆರೋಗ್ಯವಾಗಿ ಓಡಾಡುತ್ತಿರುವಾಗ ಇದೇಕೆ ಎಂದು ತಂದೆತಾಯಿಗೂ ಅನಿಸುತ್ತದೆ. ಪರೀಕ್ಷೆ, ಮದುವೆ, ಜಾತ್ರೆ ಎಂದು ಒಂದು ತಪ್ಪುತ್ತದೆ, ಆಮೇಲೆ ನಾಲ್ಕು ತಪ್ಪುತ್ತವೆ.

ತಪ್ಪಿಸಬಾರದೆಂಬುದಕ್ಕೆ ಈಚೆಗೆ ಇನ್ನಷ್ಟು ಬಲವಾದ ಸಾಕ್ಷ್ಯ ದೊರೆತಿದೆ. ಆಫ್ರಿಕದ ಉಗಾಂಡ ದೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳ ಹೃದಯವನ್ನು ಎಕೊ ಯಂತ್ರದಿಂದ ಪರೀಕ್ಷಿಸಿದರು. ಹೊರಗೆ ಯಾವ ಲಕ್ಷಣವೂ ಇಲ್ಲದೆ ಕವಾಟದಲ್ಲಿ ಸಣ್ಣ ದೋಷ ಕಂಡ 5ರಿಂದ 17 ವರ್ಷದ 818 ಮಕ್ಕಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 4 ವಾರಕ್ಕೊಮ್ಮೆ ಚುಚ್ಚುಮದ್ದು ಕೊಟ್ಟರು. ಎರಡು ವರ್ಷದ ಬಳಿಕ ಚುಚ್ಚುಮದ್ದು ಪಡೆದವರಲ್ಲಿ 3 ಮಕ್ಕಳ ಕವಾಟ ಮಾತ್ರ ಇನ್ನಷ್ಟು ಕೆಟ್ಟಿತ್ತು. ಪಡೆಯದವರಲ್ಲಿ 33 ಮಕ್ಕಳದು. ಈ ಫಲಿತಾಂಶ ಪ್ರಕಟವಾದದ್ದು 2021ರಲ್ಲಿ. ವಾರೆನ್ ನೆಲೆಯ ಪಾಠವನ್ನೇ ಎಪ್ಪತ್ತು ವರ್ಷಗಳ ಮೇಲೆ ಮಕ್ಕಳ ಹೃದಯದ ಬಳಿ ಮತ್ತೊಮ್ಮೆ ಓದಿದಂತಾಯಿತು.

ಅಲಕ್ಷಿಸಿದರೆ ತೆರಬೇಕಾದ ಬೆಲೆ ದೊಡ್ಡದು. ಕವಾಟ ಬಿಗಿದುಕೊಂಡರೆ ರಕ್ತ ಮುಂದಕ್ಕೆ ಹರಿಯದು. ಸಡಿಲವಾದರೆ ಹಿಂದಕ್ಕೆ ಸೋರುತ್ತದೆ. ಮೆಟ್ಟಿಲು ಹತ್ತಿದರೆ ಏದುಸಿರು. ಎಷ್ಟೋ ಹೆಣ್ಣುಮಕ್ಕಳಲ್ಲಿ ಈ ದೋಷ ಮೊದಲು ಗೊತ್ತಾಗುವುದೇ ಗರ್ಭಿಣಿಯಾದಾಗ. ಬಿಗಿದ ಕವಾಟವನ್ನು ಬಲೂನಿನಿಂದ ಹಿಗ್ಗಿಸಬಹುದು, ಕೆಟ್ಟದ್ದನ್ನು ತೆಗೆದು ಕೃತಕ ಕವಾಟ ಹಾಕಬಹುದು. ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯಲ್ಲಿ ಡಾ. ವಲಿಯತ್ತಾನ್ ಅವರ ತಂಡ ನಮ್ಮ ದೇಶದ್ದೇ ಆದ ಕವಾಟವನ್ನು ರೂಪಿಸಿ 1990ರಲ್ಲಿ ಮೊದಲ ಸಲ ರೋಗಿಯೊಬ್ಬರಿಗೆ ಜೋಡಿಸಿತು. ಅದು ಹೆಮ್ಮೆಯ ಸಾಧನೆ. ಆದರೆ ಲೋಹದ ಕವಾಟ ಹಾಕಿಸಿಕೊಂಡವರು ಬದುಕಿರುವವರೆಗೂ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ನುಂಗಬೇಕು, ಆಗಾಗ ರಕ್ತ ಪರೀಕ್ಷೆ ಮಾಡಿಸಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಈ ಹೃದಯರೋಗದಿಂದ ಪ್ರಪಂಚದಲ್ಲಿ ವರ್ಷಕ್ಕೆ ಮೂರು ಲಕ್ಷಕ್ಕೂ ಹೆಚ್ಚು ಜನ ಸಾಯುತ್ತಿದ್ದಾರೆ. ಶ್ರೀಮಂತ ದೇಶಗಳಲ್ಲಿ ಇದು ಬಹುಮಟ್ಟಿಗೆ ಮರೆಯಾಗಿದೆ. ಅಲ್ಲಿ ಅದು ಇಳಿಯತೊಡಗಿದ್ದು ಪೆನಿಸಿಲಿನ್ ಬರುವುದಕ್ಕೂ ಮೊದಲೇ, ಮನೆಗಳಲ್ಲಿ ಜನಸಂದಣಿ ಕಡಿಮೆಯಾದಾಗ. ಗಾಳಿ ಬೆಳಕಿನ ಮನೆಯೂ ಒಂದು ಔಷಧಿ ಎಂಬುದನ್ನು ಮರೆಯಬಾರದು. ಈ ರೋಗಾಣುವಿನಲ್ಲಿ 200ಕ್ಕೂ ಹೆಚ್ಚು ಬಗೆಗಳಿರುವುದರಿಂದ ಲಸಿಕೆ ತಯಾರಿಸುವುದು ಸುಲಭವಾಗಿಲ್ಲ. ಪ್ರಯತ್ನ ನಡೆದಿದೆ.

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಸಣ್ಣ ಕೆಲಸಗಳು. ಜ್ವರದ ಜೊತೆ ಗಂಟಲು ನೋವು ಬಂದರೆ ವೈದ್ಯರಿಗೆ ತೋರಿಸಿ. ಅಂಗಡಿಯಿಂದ ನೀವೇ ಮಾತ್ರೆ ತರಬೇಡಿ. ಹತ್ತು ದಿನ ಎಂದರೆ ಹತ್ತು ದಿನ. ಹಿಂದೆ ಯಾವುದಾದರೂ ಔಷಧಿ ಒಗ್ಗದೆ ಹೋಗಿದ್ದರೆ ಮೊದಲೇ ತಿಳಿಸಿ. ಕೀಲು ಊದಿದರೆ ‘ಬೆಳೆಯುವ ವಯಸ್ಸಿನ ನೋವು’ ಎಂದು ಎಣ್ಣೆ ತಿಕ್ಕಿ ಸುಮ್ಮನಾಗಬೇಡಿ. ಚುಚ್ಚುಮದ್ದಿನ ದಿನಾಂಕಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಲ್ಲಿ ಗುರುತು ಮಾಡಿ.

ವಿದ್ಯಾರ್ಥಿ ಮಿತ್ರರಿಗೂ ಒಂದು ಮಾತು. ನಿಮ್ಮ ಪಕ್ಕದ ಬೆಂಚಿನ ಗೆಳೆಯನೋ ಗೆಳತಿಯೋ ಮೂರು ವಾರಕ್ಕೊಮ್ಮೆ ಅರ್ಧ ದಿನ ರಜೆ ಹಾಕಿ ಆಸ್ಪತ್ರೆಗೆ ಹೋಗುತ್ತಿದ್ದರೆ ನಗಬೇಡಿ. ಆ ದಿನದ ನೋಟ್ಸ್ ಬರೆದುಕೊಡಿ. ಚುಚ್ಚುಮದ್ದು ತಪ್ಪದಿರಲು ಅಷ್ಟು ಸಹಾಯವೂ ದೊಡ್ಡದೇ.