ಬಡಿಸುವ ಮೊದಲು ಉಪ್ಪು ನೋಡುವವರು

ಮದುವೆ ಮನೆಯಲ್ಲಿ ಐನೂರು ಜನಕ್ಕೆ ಸಾರು ಬಡಿಸುವ ಮೊದಲು ಯಾರಾದರೂ ಒಬ್ಬರು ಅಂಗೈಗೆ ಹಾಕಿಸಿಕೊಂಡು ಉಪ್ಪು ನೋಡುತ್ತಾರೆ. ಊಟ ಚೆನ್ನಾಗಿದ್ದರೆ ಹೆಸರು ಅಡುಗೆ ಭಟ್ಟರಿಗೆ. ಉಪ್ಪು ನೋಡಿದವರು ಯಾರೆಂದು ಯಾರೂ ಕೇಳುವುದಿಲ್ಲ.

ಕಂಪ್ಯೂಟರ್ ಲೋಕದಲ್ಲೂ ಹೀಗೆ ಉಪ್ಪು ನೋಡುವ ಸಾವಿರಾರು ಜನ ಇದ್ದಾರೆ. ಅವರಲ್ಲಿ ಬಹಳ ಮಂದಿಗೆ ಆ ಕೆಲಸಕ್ಕೆ ಸಂಬಳವಿಲ್ಲ. ಅವರಿಗೆ ನಾವು ಕೊಡುತ್ತಿರುವ ಮರ್ಯಾದೆ ಸಾಲದು. ಕನ್ನಡದ ಮಟ್ಟಿಗಂತೂ ಆ ಕೆಲಸಕ್ಕೆ ನಾವೇ ಕೈ ಹಾಕಬೇಕು. ಇದು ನನ್ನ ವಾದ.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಡೆಬಿಯನ್ ಅನ್ನುವುದು ಕಂಪ್ಯೂಟರ್ ನಡೆಸುವ ಮೂಲ ತಂತ್ರಾಂಶ, ಅಂದರೆ ಆಪರೇಟಿಂಗ್ ಸಿಸ್ಟಮ್. ವಿಂಡೋಸ್ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಆದರೆ ಇದಕ್ಕೆ ಮಾಲೀಕ ಕಂಪನಿ ಇಲ್ಲ. 1993ರ ಆಗಸ್ಟ್‌ನಲ್ಲಿ ಅಮೆರಿಕದ ಇಯಾನ್ ಮರ್ಡಾಕ್ ಎಂಬ ವಿದ್ಯಾರ್ಥಿ ಇದನ್ನು ಶುರು ಮಾಡಿದರು. ಗೆಳತಿ ಡೆಬ್ರಾ ಹೆಸರಿಗೆ ತನ್ನ ಹೆಸರು ಸೇರಿಸಿ ಡೆಬಿಯನ್ ಎಂದರು. ಇವತ್ತು ಹಲವು ದೇಶಗಳ ಸುಮಾರು ಸಾವಿರ ಮಂದಿ ಸದಸ್ಯರು ಇದನ್ನು ನಡೆಸುತ್ತಾರೆ. ವರ್ಷಕ್ಕೊಮ್ಮೆ ಮತ ಹಾಕಿ ನಾಯಕರನ್ನು ಆರಿಸುತ್ತಾರೆ. ಇದನ್ನು ಬಳಸಲು ಯಾರೂ ದುಡ್ಡು ಕೊಡಬೇಕಿಲ್ಲ. ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದು, ತಿದ್ದಬಹುದು.

"ನಮಗೂ ಇದಕ್ಕೂ ಏನು ಸಂಬಂಧ?" ಅನ್ನಬೇಡಿ. ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನ್ ನಡೆಯುವುದು ಲಿನಕ್ಸ್ ಎಂಬ ತಿರುಳಿನ ಮೇಲೆ. ಡೆಬಿಯನ್ ಕೂಡ ಅದೇ ತಿರುಳಿನ ಮೇಲೆ ನಿಂತಿದೆ. ನೀವು ಫೋನಿನಲ್ಲಿ ತೆರೆಯುವ ಎಷ್ಟೋ ವೆಬ್‌ಸೈಟ್‌ಗಳ ಹಿಂದಿನ ಸರ್ವರ್‌ಗಳಲ್ಲಿ ಡೆಬಿಯನ್ ಅಥವಾ ಅದರಿಂದ ಹುಟ್ಟಿದ ಉಬುಂಟು ಇರುತ್ತದೆ.

ಡೆಬಿಯನ್‌ನಲ್ಲಿ ಹೊಸ ತಂತ್ರಾಂಶ ನೇರವಾಗಿ ಜನರ ಕೈಗೆ ಬರುವುದಿಲ್ಲ. ಮೂರು ಮೆಟ್ಟಿಲು ಹತ್ತಬೇಕು. ಮೊದಲನೆಯದು 'ಅನ್‌ಸ್ಟೇಬಲ್'. ಅದಕ್ಕೆ 'ಸಿಡ್' ಎಂಬ ಅಡ್ಡಹೆಸರಿದೆ. 'ಟಾಯ್ ಸ್ಟೋರಿ' ಸಿನಿಮಾದಲ್ಲಿ ಆಟಿಕೆ ಮುರಿಯುವ ತುಂಟ ಹುಡುಗನ ಹೆಸರು ಅದು. ಅಲ್ಲಿ ಕೆಲವು ದಿನ ಗಂಭೀರ ದೋಷ ಕಾಣದಿದ್ದರೆ ಎರಡನೆಯ ಮೆಟ್ಟಿಲು 'ಟೆಸ್ಟಿಂಗ್'. ಹೆಚ್ಚುಕಮ್ಮಿ ಎರಡು ವರ್ಷಕ್ಕೊಮ್ಮೆ ಅದನ್ನು ಸೋಸಿ ಕೊನೆಯ ಮೆಟ್ಟಿಲಾದ 'ಸ್ಟೇಬಲ್' ಎಂದು ಬಿಡುಗಡೆ ಮಾಡುತ್ತಾರೆ. 12ನೇ ಆವೃತ್ತಿ 2023ರ ಜೂನ್‌ನಲ್ಲಿ ಬಂತು, 13ನೇದು 2025ರ ಆಗಸ್ಟ್‌ನಲ್ಲಿ. ಬಿಡುಗಡೆ ಯಾವಾಗ ಎಂದು ಕೇಳಿದರೆ ಅವರ ಹಳೆಯ ಉತ್ತರ ಒಂದೇ: ಸಿದ್ಧವಾದಾಗ.

ಮೊದಲ ಎರಡು ಮೆಟ್ಟಿಲುಗಳಲ್ಲಿ ಗೊತ್ತಿದ್ದೂ ಅರೆಬೆಂದದ್ದನ್ನು ಬಳಸುವವರಿದ್ದಾರಲ್ಲ, ಅವರೇ ಉಪ್ಪು ನೋಡುವವರು. ಏನಾದರೂ ಕೆಟ್ಟರೆ ಒಂದು ಈಮೇಲ್ ಬರೆಯುತ್ತಾರೆ. ಅದಕ್ಕೊಂದು ನಂಬರ್ ಬೀಳುತ್ತದೆ. ಆ ನಂಬರ್ ಈಗಾಗಲೇ ಹತ್ತು ಲಕ್ಷ ದಾಟಿದೆ. ದೋಷಗಳನ್ನು ಮುಚ್ಚಿಡುವುದಿಲ್ಲ ಎಂದು ಡೆಬಿಯನ್ 1997ರಲ್ಲೇ ಬರೆದು ಮಾತು ಕೊಟ್ಟಿದೆ. ಹಾಗಾಗಿ ಪಟ್ಟಿ ಎಲ್ಲರಿಗೂ ಕಾಣುತ್ತದೆ. ನಮ್ಮ ಪಂಚಾಯಿತಿಗೆ ಕೊಟ್ಟ ಅರ್ಜಿಗಳೆಲ್ಲ ಹೀಗೆ ನಂಬರ್ ಸಮೇತ ಗೋಡೆ ಮೇಲೆ ಇದ್ದಿದ್ದರೆ ಹೇಗಿರುತ್ತಿತ್ತು, ಯೋಚಿಸಿ.

ಈ ಮೆಟ್ಟಿಲುಗಳು ಎಷ್ಟು ಮುಖ್ಯ ಎಂಬುದು 2024ರ ಮಾರ್ಚ್‌ನಲ್ಲಿ ಗೊತ್ತಾಯಿತು. ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಡೆಬಿಯನ್ ಸಿಡ್ ಹಾಕಿಕೊಂಡ ಯಂತ್ರದಲ್ಲಿ ಬೇರೇನೋ ಅಳತೆ ಮಾಡುತ್ತಿದ್ದರು. ದೂರದಿಂದ ಲಾಗಿನ್ ಆಗಲು ಸುಮಾರು ಅರ್ಧ ಸೆಕೆಂಡ್ ಹೆಚ್ಚು ಹಿಡಿಯುತ್ತಿರುವುದು ಕಣ್ಣಿಗೆ ಬಿತ್ತು. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಅವರು ಕೆದಕಿದರು. ಎಕ್ಸ್‌ಝಡ್ ಎಂಬ, ಕಡತಗಳನ್ನು ಕುಗ್ಗಿಸುವ ಚಿಕ್ಕ ತಂತ್ರಾಂಶದೊಳಗೆ ಯಾರೋ ಕಳ್ಳಬಾಗಿಲು ಇಟ್ಟಿದ್ದರು. ಮಾರ್ಚ್ 29ರಂದು ಫ್ರಾಯಿಂಡ್ ಅದನ್ನು ಬಹಿರಂಗ ಮಾಡಿದರು. ಆ ಹೊತ್ತಿಗೆ ಅದು ಡೆಬಿಯನ್‌ನ ಮೊದಲ ಎರಡು ಮೆಟ್ಟಿಲು ಹತ್ತಿತ್ತು, ಸ್ಟೇಬಲ್‌ಗೆ ಇನ್ನೂ ಕಾಲಿಟ್ಟಿರಲಿಲ್ಲ. ಕಾಲಿಟ್ಟಿದ್ದರೆ ಎಷ್ಟೋ ಸರ್ವರ್‌ಗಳ ಬೀಗದ ಕೈ ಕಳ್ಳರ ಪಾಲಾಗುತ್ತಿತ್ತು. ಫ್ರಾಯಿಂಡ್ ಸಂಬಳದ ಉದ್ಯೋಗಿ, ನಿಜ. ಆದರೆ ಈ ಕಳ್ಳತನ ಹುಡುಕಲು ಅವರನ್ನು ಯಾರೂ ನೇಮಿಸಿರಲಿಲ್ಲ.

ಈ ಕತೆಗೆ ಇನ್ನೊಂದು ಮುಖವಿದೆ. ನನಗೆ ಅದೇ ಹೆಚ್ಚು ಮುಖ್ಯ. ಎಕ್ಸ್‌ಝಡ್ ನೋಡಿಕೊಳ್ಳುತ್ತಿದ್ದವರು ಒಬ್ಬರೇ, ಅದೂ ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ. ಮಾನಸಿಕವಾಗಿ ಬಳಲಿದ್ದೇನೆ ಎಂದು ಅವರು ಎಲ್ಲರೆದುರೇ ಹೇಳಿಕೊಂಡಿದ್ದರು. 2022ರಲ್ಲಿ ಕೆಲವು ಅಪರಿಚಿತ ಹೆಸರುಗಳಿಂದ ಅವರಿಗೆ ಕಾಗದದ ಮೇಲೆ ಕಾಗದ ಬಂತು: ಕೆಲಸ ನಿಧಾನ, ನಿಮ್ಮಿಂದ ಆಗದಿದ್ದರೆ ಬೇರೆಯವರಿಗೆ ಬಿಡಿ, ಅನ್ನುವ ಧಾಟಿಯಲ್ಲಿ. ಅದೇ ಸಮಯಕ್ಕೆ 'ಜಿಯಾ ತಾನ್' ಎಂಬ ಹೆಸರಿನಲ್ಲಿ ಯಾರೋ ನಯವಾಗಿ ಸಹಾಯಕ್ಕೆ ನಿಂತರು. ಎರಡು ವರ್ಷಕ್ಕೂ ಹೆಚ್ಚು ಕಾಲ ದುಡಿದು ನಂಬಿಕೆ ಗಳಿಸಿದರು. ಕೊನೆಗೆ ಕಳ್ಳಬಾಗಿಲು ಇಟ್ಟದ್ದು ಆ ಹೆಸರಿನವರೇ. ಬೈದು ಬರೆದ ಹೆಸರುಗಳೂ ನಕಲಿ ಎಂಬ ಬಲವಾದ ಅನುಮಾನವಿದೆ.

ಅಂದರೆ ಕಳ್ಳರು ಮೊದಲು ಮುರಿದದ್ದು ಕೋಡನ್ನಲ್ಲ, ದಣಿದ ಒಬ್ಬ ಮನುಷ್ಯನನ್ನು. ಬಿಟ್ಟಿ ಸಿಕ್ಕಿದ್ದನ್ನು ಬಳಸುತ್ತಾ, ಮಾಡಿಕೊಟ್ಟವರನ್ನೇ ಬೈಯುವುದು ಅಲ್ಲಿ ಮಾಮೂಲಾಗಿತ್ತು. ಅದಕ್ಕೇ ಕಳ್ಳರ ಬೈಗುಳ ಯಾರಿಗೂ ವಿಚಿತ್ರ ಅನ್ನಿಸಲಿಲ್ಲ. ಸಮುದಾಯದಲ್ಲಿ ಒಳ್ಳೆ ಮಾತಿರಬೇಕು ಅನ್ನುವುದು ಬರೀ ಶಿಷ್ಟಾಚಾರದ ವಿಷಯವಲ್ಲ, ಎಲ್ಲರ ಸುರಕ್ಷತೆಯ ವಿಷಯ.

ಇಲ್ಲಿ ಒಂದು ಆಕ್ಷೇಪಣೆ ಬರುತ್ತದೆ. ದೊಡ್ಡ ದೊಡ್ಡ ಕಂಪನಿಗಳು ಇದೇ ತಂತ್ರಾಂಶದಿಂದ ಕೋಟಿಗಟ್ಟಲೆ ದುಡಿಯುತ್ತವೆ, ನಾವೇಕೆ ಬಿಟ್ಟಿ ಚಾಕರಿ ಮಾಡಬೇಕು? ಪ್ರಶ್ನೆ ಸರಿಯಾಗಿದೆ. ಲಾಭ ಮಾಡುವವರು ದುಡ್ಡು ಹಾಕಲೇಬೇಕು. ಕೆಲವರು ಹಾಕುತ್ತಾರೆ, ಅದು ಸಾಲದು. ಆದರೆ ಚಾಕರಿಗೂ ಮುಯ್ಯಾಳಿಗೂ ವ್ಯತ್ಯಾಸ ಇದೆ. ಇವತ್ತು ನಿಮ್ಮ ಹೊಲದ ನಾಟಿಗೆ ನಾನು, ನಾಳೆ ನನ್ನ ಹೊಲಕ್ಕೆ ನೀವು. ಡೆಬಿಯನ್‌ನಲ್ಲಿ ನೀವು ತೋರಿಸಿದ ದೋಷ ಸರಿಹೋದರೆ ಅದರ ಫಲ ಎಲ್ಲರಿಗೂ, ನಿಮಗೂ. ಅದಕ್ಕೆ ಯಾರೂ ಬೀಗ ಹಾಕುವಂತಿಲ್ಲ.

ಕನ್ನಡದ ವಿಷಯಕ್ಕೆ ಬಂದರೆ ಆಯ್ಕೆಯೇ ಇಲ್ಲ. ಡೆಬಿಯನ್ ಹಾಕಿಕೊಳ್ಳುವಾಗ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟ್‌ಗಳೂ ಅದರಲ್ಲಿ ಸಿಗುತ್ತವೆ. ಇವೆಲ್ಲ ಯಾರೋ ಕೂತು ಮಾಡಿದ ಕೆಲಸ. ಆದರೆ ಹೊಸ ಆವೃತ್ತಿಯಲ್ಲಿ 'ರಾಷ್ಟ್ರ' ಪದದ ಒತ್ತುಗಳು ಚೆಲ್ಲಾಪಿಲ್ಲಿಯಾದರೆ ಜರ್ಮನಿಯ ಟೆಸ್ಟರ್‌ಗೆ ಅದು ತಪ್ಪೆಂದು ತಿಳಿಯುವುದು ಹೇಗೆ? 'ರ‍್ಯಾಲಿ' ಎಂದು ಟೈಪ್ ಮಾಡಿದರೆ ಕೆಲವೆಡೆ ರಕಾರ ಹೋಗಿ ಯಕಾರಕ್ಕೆ ಅರ್ಕಾವೊತ್ತು ಬೀಳುತ್ತದೆ. ಅದನ್ನು ನೋಡಿದ ತಕ್ಷಣ ತಪ್ಪು ಅನ್ನಲು ಎಂಜಿನಿಯರಿಂಗ್ ಓದಬೇಕಿಲ್ಲ. ಕನ್ನಡ ಶಾಲೆಯಲ್ಲಿ ಕಾಗುಣಿತ ಕಲಿತವರು ಸಾಕು.

ಶುರು ಮಾಡಲು ಕಂಪ್ಯೂಟರೇ ಬೇಕೆಂದಿಲ್ಲ. ಫೈರ್‌ಫಾಕ್ಸ್ ಬ್ರೌಸರ್ ಕೂಡ ಮುಕ್ತ ತಂತ್ರಾಂಶವೇ. ಅದು ಕನ್ನಡದಲ್ಲಿದೆ. ಅದರ ಬೀಟಾ ಆವೃತ್ತಿ ಪ್ಲೇ ಸ್ಟೋರ್‌ನಲ್ಲೇ ಸಿಗುತ್ತದೆ. ಒಂದು ಎಚ್ಚರಿಕೆ: ಅರೆಬೆಂದ ಆವೃತ್ತಿಯಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ. ಇರುವ ಒಂದೇ ಕಂಪ್ಯೂಟರಿಗೆ ಸಿಡ್ ಹಾಕಬೇಡಿ.

ದೂರು ಬರೆಯುವುದಕ್ಕೂ ಒಂದು ಕ್ರಮ ಇದೆ. "ಏನೂ ಸರಿಯಿಲ್ಲ" ಅಂದರೆ ಯಾರಿಗೂ ಉಪಯೋಗವಿಲ್ಲ. ಏನು ಮಾಡಿದಿರಿ, ಏನಾಗಬೇಕಿತ್ತು, ಏನಾಯಿತು, ಯಾವ ಆವೃತ್ತಿ, ಮತ್ತೆ ಮಾಡಿದರೆ ಮತ್ತೆ ಹಾಗೇ ಆಗುತ್ತದೆಯೇ: ಈ ಐದು ಹೇಳಿ. ಒಂದು ದೂರಿನಲ್ಲಿ ಒಂದೇ ವಿಷಯ ಇರಲಿ, ಸ್ಕ್ರೀನ್‌ಶಾಟ್ ಇರಲಿ. ಹರಕು ಇಂಗ್ಲಿಷ್ ಆದರೂ ಪರವಾಗಿಲ್ಲ. ಉತ್ತರ ತಡವಾದರೆ ಆ ಕಡೆ ಇರುವವರಿಗೂ ಮನೆ, ಮಕ್ಕಳು, ದಣಿವು ಇದೆ ಎಂದು ನೆನಪಿಡಿ. ಸರಿಮಾಡಿಕೊಟ್ಟರೆ ಒಂದು ಸಾಲು ಧನ್ಯವಾದ ಬರೆಯಿರಿ.

ನಮ್ಮ ಕಾಲೇಜುಗಳಿಗೂ ಒಂದು ಮಾತು. ಮಕ್ಕಳಿಂದ ಪ್ರಾಜೆಕ್ಟ್ ಹೆಸರಿನಲ್ಲಿ ಯಾರೂ ಓದದ ವರದಿ ಬರೆಸುವ ಬದಲು, ವರ್ಷಕ್ಕೆ ಎರಡು ಸರಿಯಾದ ದೋಷ ವರದಿ ಬರೆಸಿ. ಅದಕ್ಕೆ ನಂಬರ್ ಬೀಳುತ್ತದೆ, ಜಗತ್ತಿಗೆ ಕಾಣುತ್ತದೆ, ಊರಿನ ಹೆಸರಿಲ್ಲದಿದ್ದರೂ ಊರಿನ ಭಾಷೆ ಸರಿಹೋಗುತ್ತದೆ. ನಾವು ಹೇಳದೆ ಬಿಟ್ಟ ಕನ್ನಡದ ತಪ್ಪನ್ನು ನಮ್ಮ ಪರವಾಗಿ ಬೇರೆ ಯಾರೂ ಹೇಳುವುದಿಲ್ಲ.