ಕಾರಿನ ಕೀಲೂ ಕಾಲೇಜಿನ ಪ್ರಯೋಗವೂ

ನಮ್ಮ ತೊಡೆಯೆಲುಬಿನ ದುಂಡನೆಯ ತಲೆಯು ಸೊಂಟದ ಕುಳಿಯಲ್ಲಿ ಕುಳಿತು ಹಲವು ದಿಕ್ಕಿಗೆ ಹೊರಳುವುದಷ್ಟೆ. ಕಾರಿನ ಮುಂದಿನ ಗಾಲಿಯ ಬಳಿಯಲ್ಲಿಯೂ ಅಂತಹುದೇ ಒಂದು ಉಕ್ಕಿನ ಗುಂಡು ಬಟ್ಟಲೊಂದರಲ್ಲಿ ಕುಳಿತಿರುತ್ತದೆ. ಇದೇ ಬಾಲ್ ಜಾಯಿಂಟ್. ಅದರ ರಬ್ಬರಿನ ಮುಸುಕು ಹರಿದರೆ ಗ್ರೀಸು ಸೋರಿ, ನೀರೂ ಧೂಳೂ ಒಳಹೊಕ್ಕು, ಕೀಲು ಸವೆಯತೊಡಗುತ್ತದೆ. ಸವೆತವು ಮಿತಿಮೀರಿ ಗುಂಡು ಕಳಚಿತೆಂದರೆ ಗಾಲಿ ಮಗುಚಿ, ಓಡುವ ಕಾರು ಚಾಲಕನ ಅಂಕೆಗೆ ಸಿಕ್ಕದು.

ಇಂತಹ ಕೀಲಿನ ಪರೀಕ್ಷೆಯನ್ನು ಪೂರ್ತಿಯಾಗಿ ಮೆಕ್ಯಾನಿಕರಿಗೆ ಒಪ್ಪಿಸಿ ಸುಮ್ಮನಿರುವ ರೂಢಿ ನಮಗೆ ಸರಿದೋರುವುದಿಲ್ಲ. ಒಮ್ಮೆ ನಮ್ಮ ಕಾರಿನಲ್ಲಿ ಹೊಸ ಕೀಲು ಹಾಕಿಸಿದ ಮೇಲೂ ಸದ್ದು ನಿಲ್ಲಲಿಲ್ಲ. ದೋಷವಿದ್ದುದು ಗಾಲಿಯ ಬೇರಿಂಗಿನಲ್ಲಿ! ಹತ್ತು ನಿಮಿಷದ ಒಂದು ಪ್ರಯೋಗದಿಂದ ಆ ಖರ್ಚು ಉಳಿಯುತ್ತಿತ್ತು.

1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800 ಕಾರನ್ನೇ ತೆಗೆದುಕೊಳ್ಳೋಣ. ಸಮತಟ್ಟಾದ ನೆಲದಲ್ಲಿ ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟು, ಮುಂಭಾಗವನ್ನು ಜಾಕಿನಿಂದ ಎತ್ತಿ, ಒಡಲಿನ ಕೆಳಗೆ ಭದ್ರವಾದ ಸ್ಟ್ಯಾಂಡ್ ನಿಲ್ಲಿಸಬೇಕು. ಬರಿಯ ಜಾಕನ್ನು ನಂಬಕೂಡದು. ಮನೆಯ ಹಿರಿಯರೊಬ್ಬರು ಜೊತೆಗಿರಲಿ. ಬಳಿಕ ಗಾಲಿಯನ್ನು ಗಡಿಯಾರದ 12 ಮತ್ತು 6ರ ಸ್ಥಾನಗಳಲ್ಲಿ ಹಿಡಿದು, ಒಂದು ಕೈಯಿಂದ ನೂಕಿ ಇನ್ನೊಂದರಿಂದ ಎಳೆಯಬೇಕು. 'ಟಕ್' ಎಂದಿತೆ? ಆತುರ ಬೇಡ. ಜೊತೆಗಿರುವವರು ಬ್ರೇಕನ್ನು ಒತ್ತಿ ಹಿಡಿಯಲಿ. ಆಗ ಗಾಲಿಯೂ ಅದನ್ನು ಹೊತ್ತ ಭಾಗವೂ ಒಂದಾಗಿ ಬಿಗಿಯುವುದರಿಂದ ಬೇರಿಂಗಿನ ಅಲುಗಾಟ ಅಡಗುತ್ತದೆ. ಬ್ರೇಕ್ ಒತ್ತಿದರೂ ಅಲುಗಾಟ ಉಳಿದರೆ ಕೀಲನ್ನು ಶಂಕಿಸಬೇಕು. ಎರಡು ಕಾರಣಗಳಲ್ಲಿ ಒಂದನ್ನು ತಡೆದು ಇನ್ನೊಂದನ್ನು ನೋಡುವ ಈ ಉಪಾಯವನ್ನೇ ಅಲ್ಲವೆ ಪ್ರಯೋಗಶಾಲೆಯಲ್ಲಿ ನಾವು ಕಲಿಯುವುದು?

ಜಾಕನ್ನು ಎಲ್ಲಿ ಕೊಡಬೇಕೆಂಬುದೂ ವಿಚಾರಮಾಡತಕ್ಕ ವಿಷಯ. ಮಾರುತಿಯಲ್ಲಿ ಕಾರಿನ ಭಾರವು ಸ್ಪ್ರಿಂಗನ್ನು ಹೊತ್ತ ಸ್ಟ್ರಟ್ ಎಂಬ ಕಂಬದ ಮೂಲಕ ಗಾಲಿಗೆ ಇಳಿಯುವುದರಿಂದ, ಕೆಳಗಿನ ಕೀಲಿನ ಮೇಲೆ ಅದು ಬೀಳದು. ಗಾಲಿಯನ್ನು ತೂಗುಬಿಟ್ಟರೆ ಸಾಕು. ಆದರೆ ಕೆಲವು ವಾಹನಗಳಲ್ಲಿ ಸ್ಪ್ರಿಂಗು ಕೆಳತೋಳಿನ ಮೇಲೆಯೇ ಕುಳಿತಿರುತ್ತದೆ. ಅಲ್ಲಿ ಗಾಲಿಯನ್ನು ತೂಗುಬಿಟ್ಟರೆ ಸ್ಪ್ರಿಂಗಿನ ಒತ್ತಡವು ಸವೆದ ಕೀಲನ್ನೂ ಬಿಗಿಯಾಗಿಡುತ್ತದೆ; ಪರೀಕ್ಷಕನು ಮೋಸಹೋಗುತ್ತಾನೆ. ಆ ವಾಹನಗಳನ್ನು ಕೆಳತೋಳಿನ ಕೆಳಗೇ, ಗಾಲಿಗೆ ಆದಷ್ಟು ಸಮೀಪದಲ್ಲಿ ಎತ್ತಬೇಕು. ಇನ್ನು ಕೆಲವು ಕೀಲುಗಳಿಗೆ ತಯಾರಕರೇ ಅಲ್ಪಸ್ವಲ್ಪ ಅಲುಗಾಟವನ್ನು ಒಪ್ಪಿರುತ್ತಾರೆ. ಕೀಲು ಕೆಟ್ಟಿತೆಂದು ತೀರ್ಮಾನಿಸುವ ಮುನ್ನ ಆ ವಾಹನದ ದುರಸ್ತಿ ಕೈಪಿಡಿಯಲ್ಲಿರುವ ಮಿತಿಯನ್ನು ನೋಡಿಕೊಳ್ಳಬೇಕು.